ಬಾಗಿಲು ತೋರಿಸಲು ಬೇಕಾದ ಬ್ಯಾಟರಿ

ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದೆ. ಸೊಸೆ ಫೋನು ಹಿಡಿದುಕೊಂಡೇ ಹೊರಬಂದಳು. ಹಿರೇಕೆರೂರಿನವರು ನಾಳೆಯ ಬದಲು ಇವತ್ತೇ ಬಾ ಎಂದಿದ್ದರಂತೆ. ಅವರು ಕಟ್ಟಿಸುತ್ತಿರುವ ಮನೆಯ ತಲೆಬಾಗಿಲನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸಿದವಳು ಇವಳು. ಆ ಮನೆಯ ಹಿರಿಯಳು ಒಪ್ಪಿದರೆ ಬಡಿಗೇರರು ಕಟ್ಟಿಗೆ ಕೊಯ್ಯುತ್ತಾರೆ, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು. ಸೊಸೆ ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು.

"ಫೋಟೋ ಕಳಿಸಿದ್ರ ಆಗೂದಿಲ್ಲೇನು?" ಎಂದೆ.

"ಅವರ ಎದುರಿಗೇ ಉದ್ದ ಅಗಲ ಬದಲಿಸಿ ತೋರಸಬೇಕ್ರೀ ಅತ್ತಿ. ಅಲ್ಲಿ ಇನ್ನೂ ಕರೆಂಟ್ ಬಂದಿಲ್ಲ. ಬ್ಯಾಟರಿ ಮ್ಯಾಲ ನಡೀಬೇಕು."

ಅವಳ ಲ್ಯಾಪ್‌ಟಾಪನ್ನು ನಡೆಸುವುದು ಲಿನಕ್ಸ್ ಎಂಬ ವ್ಯವಸ್ಥೆ. ಚಿತ್ರ ಮೂಡಿಸಲು ಅದರೊಳಗೆ ಎರಡು ಗ್ರಾಫಿಕ್ಸ್ ಭಾಗಗಳು. ಒಂದು ಪ್ರೊಸೆಸರಿನಲ್ಲೇ ಸೇರಿಕೊಂಡಿರುವುದು, ನಾಲ್ಕು ತಾಸು ಬಾಳಿಕೆ ಬರುತ್ತದೆ, ಆದರೆ ಬಾಗಿಲು ತಿರುಗಿಸಿದರೆ ತಡವರಿಸುತ್ತದೆ. ಇನ್ನೊಂದು ಬೇರೆಯೇ ಕಾರ್ಡು, ಪಾಲಿಶ್, ನೆರಳು ಎಲ್ಲ ನಿಜದ ಹಾಗೆ ಕಾಣಿಸಿ ಒಂದೂವರೆ ತಾಸಿನಲ್ಲಿ ಬ್ಯಾಟರಿ ನುಂಗಿಬಿಡುತ್ತದೆ. ಒಂದೇ ಯಂತ್ರಕ್ಕೆ ಎರಡು ಯಾಕಿಟ್ಟರು, ಒಂದು ನಡೆವಾಗ ಇನ್ನೊಂದು ಏನು ಮಾಡುತ್ತಿರುತ್ತದೆ ಎಂದೆಲ್ಲ ಕೇಳಿದೆ. ನನ್ನ ಪ್ರಶ್ನೆಗೆ ಅವಳು ಬೇಸರಿಸುವುದಿಲ್ಲ, ಅದೂ ಶಿವನ ಕೃಪೆ.

"ಚಂದ ಕಾಣಬೇಕ್ರೀ. ಅರ್ಧ ತಾಸಿನ ಕೆಲಸ," ಎಂದು ಕಾರ್ಡಿನ ಮೇಲೇ ಓಡಿಸಿ, ಬ್ಯಾಟರಿ ತುಂಬಿಸಿ, ಮುಚ್ಚಳ ಮುಚ್ಚಿದಳು. ಮುಚ್ಚಿದರೆ ಯಂತ್ರ ಮಲಗುತ್ತದೆ, ಬ್ಯಾಟರಿ ಉಳಿಯುತ್ತದೆ. ಬಸ್ಸಿನಲ್ಲಿ ಕುಲುಕಬಾರದೆಂದು ನಾನು ಅದನ್ನು ಹೊದೆಯುವ ಕೌದಿಯಲ್ಲಿ ಸುತ್ತಿ ಚೀಲಕ್ಕಿಟ್ಟು, ಅವಳ ಜೊತೆಗೆ ಹೊರಟೆ.

ನಮ್ಮ ಹಾನಗಲ್ಲಿನಿಂದ ಹೊರಟ ಬಸ್ಸಿನಲ್ಲಿ ಇಬ್ಬರಿಗೂ ಕೂಡ್ರಲು ಜಾಗ ಸಿಕ್ಕಿತು. ಅಕ್ಕಿಆಲೂರು ದಾಟುವ ಹೊತ್ತಿಗೆ ಚೀಲ ಇಟ್ಟುಕೊಂಡಿದ್ದ ತೊಡೆ ಕಾಯತೊಡಗಿತು. ಬಿಸಿಲೆಂದುಕೊಂಡು ಚೀಲ ಆಚೆ ಸರಿಸಿದೆ. ಬಿಸಿಯೂ ಆಚೆ ಸರಿಯಿತು.

"ಮಲಗಿದ ಮಶೀನು ಯಾಕ ಕಾಯಾಕತ್ತೈತಿ?" ಎಂದೆ.

ಸೊಸೆ ಬಿಚ್ಚಿ ನೋಡಿದಳು. ಮುಚ್ಚಳ ಮುಚ್ಚಿದ್ದರೂ ಅದು ಮಲಗಿರಲೇ ಇಲ್ಲ. ಆ ಕಾರ್ಡು ಕೌದಿಯೊಳಗೆ ಓಡುತ್ತಲೇ ಇತ್ತು. ಬ್ಯಾಟರಿ ಅರ್ಧ ಖಾಲಿ.

"ಬಾಣಂತಿಗೆ ಹೊಚ್ಚಿದಂಗ ಹೊಚ್ಚೀರಲ್ರೀ ಅತ್ತಿ!"

"ನೀ ಮಲಗಿಸೇ ಕೊಟ್ಟಿ ಅಂತ ತಿಳದೆ ನಾ."

ಕಾರ್ಡು ಬಿಟ್ಟು ಪ್ರೊಸೆಸರಿನೊಳಗಿನದಕ್ಕೆ ಬರಬೇಕಾದರೆ ಒಂದು ಸಾಲು ಆಜ್ಞೆ ಟೈಪಿಸಿ ಯಂತ್ರ ಆರಿಸಿ ಮತ್ತೆ ಹಚ್ಚಬೇಕು. ಹಿಂದೊಮ್ಮೆ ಹಾಗೆ ಮಾಡಿದಾಗ ಪರದೆ ಕಪ್ಪಾಗಿ ನಿಂತು, ಸರಿಪಡಿಸಲು ಅರ್ಧ ದಿನ ಹಿಡಿದಿತ್ತು. ಬದಲಿಸಲೋ ಬೇಡವೋ ಎಂದು ಅವಳು ನನ್ನ ಮುಖ ನೋಡಿದಳು.

"ಆ ಮನಿ ಹಿರ್ಯಾಕಿ ನನ್ನ ವಯಸ್ಸಿನ ವಾರಿಗಿ ಹೆಂಗಸು. ಅರ್ಧ ತಾಸಿಗೆ ನಮ್ಮ ಮಾತು ಮುಗಿಯೂದಿಲ್ಲವಾ. ಬಾಳಿಕಿ ಬರೂದನ್ನ ಹಿಡಿ," ಎಂದೆ.

ಟೈಪಿಸಿದಳು. ಪರದೆ ಕಪ್ಪಾಯಿತು. ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಂಡು ಕುಳಿತೆ. ಬಸ್ಸು ಒಂದು ಸ್ಟಾಪಿನಲ್ಲಿ ನಿಂತು ಮತ್ತೆ ಹೊರಟಿತು. ಆಮೇಲೆ ಬೆಳಕು ಬಂತು. ಈ ಸಲ ಅದು ಮಲಗಿತೆಂದು ಖಾತ್ರಿ ಮಾಡಿಕೊಂಡೇ ಸೊಸೆ ಮುಚ್ಚಳ ಮುಚ್ಚಿದಳು.

ಹಿರೇಕೆರೂರಿನಲ್ಲಿ, ಅರ್ಧ ಎದ್ದ ಗೋಡೆಯ ನೆರಳಲ್ಲಿ ಹಿರಿಯಳು ಕನ್ನಡಕ ಏರಿಸಿ ಕೂತಳು. ಬಾಗಿಲು ತಡೆತಡೆದು ತಿರುಗಿತು. ಸೊಸೆಯ ಮುಖ ಸಣ್ಣದಾಯಿತು. ಪಾಲಿಶ್, ನೆರಳು ತೆಗೆದು ಬರೀ ಕಟ್ಟಿಗೆ ಉಳಿಸಿದಳು.

"ತಿರಗಸಬ್ಯಾಡವಾ, ತಲಿ ಸುತ್ತತೈತಿ. ಹೊಸ್ತಲಾ ತೋರಸು," ಎಂದಳು ಹಿರಿಯಳು.

ಹೊಸ್ತಿಲ ಮೇಲೆ ಸಾಲು ಹೂವಿನ ಕೆತ್ತನೆ ಇತ್ತು.

"ಇದರಾಗ ಅರಿಷಿಣ ಕುಂತ್ರ ಯಾರು ತಿಕ್ಕವ್ರು? ದಿನಾ ನೀ ಬರ್ತಿಯೇನು?"

ದಿನವೂ ಹೊಸ್ತಿಲು ತೊಳೆದು ಪೂಜಿಸುವ ನನಗೂ ಅದು ಹೊಳೆದಿರಲಿಲ್ಲ. ಸೊಸೆ ನಕ್ಕು, ಹೂವನ್ನು ಮೇಲಿನಿಂದ ಅಳಿಸಿ ಮುಂಬದಿಗೆ ಇಳಿಸಿದಳು. ಹೊಸ್ತಿಲಿನ ಎತ್ತರ ಎರಡು ಬೆರಳು ಇಳಿಯಿತು, ಒಂದು ಬೆರಳು ಏರಿತು, ಮತ್ತೆ ಇಳಿಯಿತು. ಹೀಗೇ ಒಂದೂವರೆ ತಾಸು. ಬ್ಯಾಟರಿ ಕೆಂಪು ಬಣ್ಣಕ್ಕೆ ಬರುವಾಗ ಹಿರಿಯಳು ಎದ್ದಳು.

"ಕಟ್ಟಿಗಿ ಕೊಯ್ಯಾಕ ಹೇಳವಾ."

ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಸೊಸೆ ಕಟ್ಟೆಯ ಮೇಲೆ ಕೂತು ಬಡಿಗೇರರಿಗೆ ಫೋನಿನಲ್ಲಿ ಅಳತೆ ಹೇಳತೊಡಗಿದಳು. ನಾನು ಕೈಕಾಲು ತೊಳೆದುಕೊಂಡು ರೊಟ್ಟಿಗೆ ಎಸರಿಟ್ಟೆ.