ಕೂಲರ್ ಇದ್ದ ಕೋಣೆ

ದೇವದುರ್ಗದ ತವರಿನಲ್ಲಿ ಬಾಣಂತನ ಮುಗಿಸಿ, ಮಗಳನ್ನು ಎತ್ತಿಕೊಂಡು ರಾಯಚೂರಿನ ಗಂಡನ ಮನೆಗೆ ಬಂದಾಗ ಬೇಸಿಗೆ ಶುರುವಾಗಿತ್ತು. ತವರಿನಲ್ಲಿ ಬೆಳಗಾಗುತ್ತಲೇ ಅವ್ವ ಕೂಸನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು, ನಾನು ಬಿಸಿಲೇರುವವರೆಗೂ ಮಲಗುತ್ತಿದ್ದೆ. ಇಲ್ಲಿ ಬಂದ ವಾರದೊಳಗೆ ಗಂಡ ತನ್ನ ದಿಂಬು ಹಿಡಿದು ಮಹಡಿಯ ಕೋಣೆ ಸೇರಿದ. ಮನೆಯಲ್ಲಿದ್ದ ಒಂದೇ ಕೂಲರ್ ಇದ್ದದ್ದು ಅಲ್ಲಿ.

"ಕೂಲರ್ ಗಾಳಿ ಕೂಸಿಗಿ ಆಗಂಗಿಲ್ಲವ್ವಾ," ಎಂದರು ಅತ್ತೆ. "ಅವ ಅಂಗಡಿಗಿ ಹೋಗಬೇಕು. ನಿದ್ದಿಗೆಟ್ರ ಅವಗ ತಲಿನೋವು ಬರ್ತದ."

ರಾತ್ರಿಯಿಡೀ ಕೂಸನ್ನು ಎತ್ತಿಕೊಂಡು ಕೂರುವ ನನಗೆ ತಲೆಯೇ ಇಲ್ಲವೆಂಬಂತೆ!

ರಜೆ ಮುಗಿದ ಮೇಲೆ ನಾನೂ ಮಾನ್ವಿ ದಾರಿಯ ಹಳ್ಳಿಯೊಂದರ ಶಾಲೆಗೆ ಪಾಠ ಹೇಳಲು ಹೋಗತೊಡಗಿದೆ. ಒಂದು ದಿನ ಬಸ್ಸಿನಲ್ಲಿ ಕುಳಿತದ್ದಷ್ಟೇ ನೆನಪು. "ಮಾನ್ವಿ ಬಂತ್ರಿ ಅಕ್ಕಾರ, ಇಳೀರಿ," ಎಂದು ಕಂಡಕ್ಟರ್ ಕೂಗಿದಾಗ ಎಚ್ಚರವಾಯಿತು. ನಾನು ಇಳಿಯಬೇಕಾದ ಹಳ್ಳಿ ದಾಟಿ ಎಷ್ಟೋ ಹೊತ್ತಾಗಿತ್ತು. ಇನ್ನೊಂದು ಬಸ್ಸು ಹಿಡಿದು ಹಿಂದಕ್ಕೆ ಬಂದರೆ ಹೆಡ್‌ಮಾಸ್ತರರು ಎಲ್ಲರೆದುರೇ ಅಂದರು, "ಮಕ್ಕಳು ನಮಗೂ ಆಗ್ಯಾವ್ರಿ ಮೇಡಂ. ನಾವು ತಡ ಮಾಡಿ ಬಂದೀವೇನು?"

ಅವರ ಮಕ್ಕಳಿಗಾಗಿ ನಿದ್ದೆಗೆಟ್ಟವಳು ಅವರ ಹೆಂಡತಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ತರಗತಿಗೆ ಹೋದೆ.

ಆ ಭಾನುವಾರ ಮಧ್ಯಾಹ್ನ ಮಾನ್ವಿಯಿಂದ ಗಂಡನ ಸೋದರತ್ತೆ ಬಂದರು. ಅತ್ತು ಅತ್ತು ಸುಸ್ತಾದ ಮಗಳು ಆಗಷ್ಟೇ ತೊಟ್ಟಿಲಲ್ಲಿ ಕಣ್ಣು ಮುಚ್ಚಿದ್ದಳು. ನಾನೂ ಪಕ್ಕದಲ್ಲಿ ಚಾಪೆಯ ಮೇಲೆ ಒರಗಿದ್ದೆ.

"ಎಬ್ಬಸವ್ವಾ ಕೂಸಿನ್ನ. ಮಾರಿ ನೋಡಿ ಹೋಗ್ತೀನಿ."

"ಈಗ ಮಲಗ್ಯಾಳ್ರಿ. ಸ್ವಲ್ಪ ತಡೀರಿ."

"ನಾವು ಹಡದಿಲ್ಲೇನು? ಇಷ್ಟ್ಯಾಕ ಮಾಡ್ತಿ?" ಎನ್ನುತ್ತಲೇ ತೊಟ್ಟಿಲಿಗೆ ಕೈಹಾಕಿ ಎತ್ತಿಬಿಟ್ಟರು. ಮಗಳು ಕಿಟಾರನೆ ಕಿರುಚಿದಳು. ಸೋದರತ್ತೆ ಮುಖ ನೋಡಿದರು, ಬಣ್ಣ ತಾಯಿಯದೇ ಎಂದರು, ಅಳುವ ಕೂಸನ್ನು ನನ್ನ ಮಡಿಲಿಗೆ ಹಾಕಿ ಚಹಾಕ್ಕೆ ಹೋಗಿ ಕುಳಿತರು.

ಗಂಡ ಪಡಸಾಲೆಯಲ್ಲಿ ಮೊಬೈಲು ನೋಡುತ್ತಾ ಕುಳಿತಿದ್ದ. ಮಗಳನ್ನು ಅವನ ತೊಡೆಯ ಮೇಲಿಟ್ಟೆ, ಹಾಲಿನ ಬಾಟಲಿ ಪಕ್ಕಕ್ಕಿಟ್ಟೆ.

"ಹಿಡ್ಕೋರಿ. ಇಕಿ ನಿಮ್ಮ ಮಗಳೂ ಹೌದು."

"ಏ, ಎಲ್ಲಿಗಿ ಹೊಂಟಿ?"

"ಮಲಗಾಕ!"

ಮಹಡಿ ಹತ್ತಿ, ಚಿಲಕ ಹಾಕಿ, ಕೂಲರ್ ಹಚ್ಚಿ ಬಿದ್ದುಕೊಂಡೆ. ಕೆಳಗೆ ಮಗಳ ಅಳು ಕೇಳುತ್ತಿತ್ತು. ಎದೆ ಹಾಲಿನಿಂದ ತೊಯ್ದು ರವಿಕೆ ಒದ್ದೆಯಾಯಿತು. ಏಳಲಿಲ್ಲ.

ಬಾಗಿಲು ಬಡಿಯುವ ಸದ್ದಿಗೆ ಎಚ್ಚರವಾದಾಗ ಬಿಸಿಲು ಇಳಿದಿತ್ತು. ಎದುರಿಗೆ ಗಂಡ, ಅಂಗಿಯ ತುಂಬಾ ಮಗಳು ಕಕ್ಕಿದ ಹಾಲು. "ಎಷ್ಟೊತ್ತು ಮಲಗ್ತಿ? ನನ್ನ ಕೈಯಾಗ ನಿಲ್ಲವಲ್ಲಳು! ಹುಚ್ಚು ಹಿಡೀತದ ನನಗ!"

"ನನಗ ಹಿಡದು ಎಷ್ಟು ದಿನ ಆತು, ಕೇಳಿರೇನು?"

ಮರುದಿನ ಅವನು ಕೂಲರನ್ನು ಕೆಳಗಿಳಿಸಿ ನಮ್ಮ ಕೋಣೆಯ ಕಿಟಕಿಗೆ ಇಟ್ಟ, ತಾನೂ ಕೆಳಗೇ ಬಂದ. ಕೂಸಿಗೆ ಆಗದ ಗಾಳಿ ಅವನು ಬಂದ ಮೇಲೆ ಆಗತೊಡಗಿತು. ಬೆಳಿಗ್ಗೆ ನಾನು ಏಳುವವರೆಗೆ ಮಗಳನ್ನು ಹೆಗಲಿಗೆ ಹಾಕಿಕೊಂಡು ಓಣಿಯಲ್ಲಿ ತಿರುಗಾಡಿಸುವುದು ಅವನ ಪಾಲಿನ ಕೆಲಸವಾಯಿತು. ಅತ್ತೆ ಕೆಲವು ದಿನ ನನ್ನೊಡನೆ ಮಾತು ಬಿಟ್ಟರು. ನಾನು ಆ ಹೊತ್ತನ್ನೂ ನಿದ್ದೆಗೆ ಬಳಸಿಕೊಂಡೆ.

ಈಗ ಓಣಿಯ ಹೆಂಗಸರು ಕಂಡಾಗಲೆಲ್ಲ ಹೇಳುತ್ತಾರೆ, "ಪುಣ್ಯಾ ಮಾಡೀರಿ ಟೀಚರ್, ಎಂಥಾ ಗಂಡ ಸಿಕ್ಕಾನ! ಕೂಸಿನ್ನ ಎತ್ಕೊಂಡು ತಿರುಗ್ತಾನ!"

ಕೇಳಿದಾಗಲೆಲ್ಲ ಮೈ ಉರಿಯುತ್ತದೆ.