ಮೆಟ್ಟಿಲ ಕೆಳಗೆ ನಿಂತ ಅಬ್ದುಲ್ಲ ಮಾಸ್ಟ್ರು

ಸರಕಾರ ಎಂದರೇನು ಎಂದು ಹುಡುಗರಿಗೆ ತಿಳಿಸಬೇಕಾದರೆ ಅಬ್ದುಲ್ಲ ಮಾಸ್ಟ್ರಿಗೆ ನನ್ನ ಕತ್ತರಿ ಬೇಕಾಗುತ್ತಿತ್ತು. ಪುತ್ತೂರಿನಲ್ಲಿ ನನ್ನ ಹೊಲಿಗೆ ಅಂಗಡಿಯ ಮಾಳಿಗೆಯಲ್ಲೇ ಅವರ ಪಾಠ. ಮಾಸ್ಟ್ರು ಬಂದವರೇ ಕೇಳದೆ ಕತ್ತರಿ ಎತ್ತಿಕೊಂಡು ಹೊರಗಿನ ಏಣಿ ಹತ್ತಿಬಿಡುವರು. ಹಲಗೆಯ ಸಂದಿನಿಂದ ಮಾತೆಲ್ಲ ಕೆಳಗೆ ಕೇಳುತ್ತಿತ್ತು.

"ಇದು ಯಾರ ಕೈಯಲ್ಲಿ ಉಂಟೋ ಅವ ಸರಕಾರ. ಬಟ್ಟೆ ಪ್ರಜೆಯದ್ದು. ಅಳತೆ ಕೇಳದೆ ಕತ್ತರಿಸಿದರೆ ಎಂತ ಆಗುದು?"

"ಅಂಗಿ ಹಾಳಾಗುದು."

"ಬಟ್ಟೆ ತಂದವ ಸುಮ್ಮನಿರ್ತಾನಾ?"

ಅಷ್ಟರಲ್ಲಿ ನಾನು ಏಣಿಯ ಬುಡಕ್ಕೆ ಬಂದು ಕೂಗುತ್ತಿದ್ದೆ: "ಮಾಸ್ಟ್ರೆ, ಕತ್ತರಿ ಕೊಡಿ ಮಾರಾಯ್ರೆ! ಮದುಮಗನ ಕೋಟು ಅರ್ಧದಲ್ಲಿ ಉಂಟು!"

ಅವರು ಕತ್ತರಿಯನ್ನು ಮೇಲಿನಿಂದಲೇ ಇಳಿಸಿ, "ನೋಡಿದ್ರಾ, ಪ್ರಜೆ ಕೇಳಿದ, ಸರಕಾರ ಇಳಿಯಿತು. ರಕ್ತ ಇಲ್ಲ, ಗಲಾಟೆ ಇಲ್ಲ. ಬರ್ಕೊಳ್ಳಿ" ಎನ್ನುತ್ತಿದ್ದರು.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಕಾಲೇಜಿಗೆ ಹೋಗಲಾಗದೆ, ಕೆಲಸ ಮಾಡಿಕೊಂಡೇ ಪರೀಕ್ಷೆಗೆ ಕಟ್ಟುವ ಹುಡುಗರಿಗೆ ಮಾಸ್ಟ್ರು ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದರು. ಬ್ಯಾರಿಗಳ ವ್ಯಾಪಾರದ ಮನೆಯವರು; ಅಂಗಡಿಯಲ್ಲಿ ಕೂರಲೊಲ್ಲದೆ ಪುಸ್ತಕ ಹಿಡಿದವರು. ಸಣಕಲು ಮೈ, ಬಿಳಿ ಟೊಪ್ಪಿ, ನಗುವ ಮೊದಲು ಒಮ್ಮೆ ಕೆಮ್ಮುವ ಅಭ್ಯಾಸ.

ನಾನು ಆಲೆಟ್ಟಿ ಊರಿನ ಗೌಡ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ಮಿಷಿನು ತುಳಿದವ. ಯಾರ ಹಂಗಿನಲ್ಲೂ ಇಲ್ಲದೆ ಅಂಗಡಿ ಮಾಡಿದ್ದೆ. "ಕುಶಾಲಪ್ಪಣ್ಣ, ನೀವು ಶಾಲೆ ಬಿಟ್ಟದ್ದು ಶಾಲೆಗೇ ನಷ್ಟ" ಎಂದು ಮಾಸ್ಟ್ರು ಒಮ್ಮೆ ಅಂದಿದ್ದರು. ಆ ಮಾತನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದೆ.

ಟೇಪು ಹಿಡಿಯದೆ ಬರೀ ಕಣ್ಣಿನಲ್ಲಿ ಅಳತೆ ತೆಗೆಯುವುದರಲ್ಲಿ ನನಗೆ ದೊಡ್ಡ ಹೆಸರು. ಆ ಅಳತೆ ಎಲ್ಲರಿಗೂ ಅಲ್ಲ. ನಾವು ಮುಟ್ಟದ ಜಾತಿಯವರು ಬಟ್ಟೆ ತಂದರೆ ಅಂಗಡಿಯ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದರು. ನಾನು ಮಿಷಿನಿನ ಮುಂದೆ ಕೂತಲ್ಲಿಂದಲೇ, "ತಿರುಗು, ಕೈ ಎತ್ತು, ಸಾಕು" ಎನ್ನುತ್ತಿದ್ದೆ. ಅವರು ಹಾಗೆ ನಿಲ್ಲುವುದು, ನಾನು ಹೀಗೆ ಕೂರುವುದು ಎರಡೂ ನನಗೆ ಗಾಳಿಯಷ್ಟು ಸಹಜವಾಗಿದ್ದವು.

ಕುಂಬ್ರದ ಕಡೆಯಿಂದ ನಡೆದು ಬರುತ್ತಿದ್ದ ಐತಪ್ಪ ಅವರಲ್ಲೊಬ್ಬ. ಮಾಸ್ಟ್ರ ಶಿಷ್ಯರಲ್ಲಿ ಚುರುಕಿನವ. ಮಾಳಿಗೆಯಲ್ಲಿ ಮಾಸ್ಟ್ರು ಅವನನ್ನು ಎಲ್ಲರ ಜೊತೆ ಒಂದೇ ಚಾಪೆಯಲ್ಲಿ ಕೂರಿಸುತ್ತಿದ್ದರು. ಕೆಳಗಿಳಿದರೆ ನನ್ನ ಮೆಟ್ಟಿಲು. ಮಂಗಳೂರಿಗೆ ಪರೀಕ್ಷೆಗೆ ಹೋಗಲೆಂದು ಅವನು ಅಂಗಿಗೆ ಬಟ್ಟೆ ತಂದ. ಎಂದಿನಂತೆ ಕಣ್ಣಿನಲ್ಲೇ ಅಳೆದು ಹೊಲಿದೆ. ಅವನು ಹಾಕಿ ನಿಂತಾಗ ನನಗೇ ಖುಷಿಯಾಯಿತು. ಹುಡುಗರೊಂದಿಗೆ ಏಣಿ ಇಳಿಯುತ್ತಿದ್ದ ಮಾಸ್ಟ್ರನ್ನು ನಾನೇ ಕರೆದೆ.

"ಬನ್ನಿ ಮಾಸ್ಟ್ರೆ, ನೋಡಿ! ಟೇಪು ಮುಟ್ಟಿಸಲೇ ಇಲ್ಲ!"

ಮಾಸ್ಟ್ರು ಐತಪ್ಪನ ಸುತ್ತ ಒಂದು ಸುತ್ತು ಬಂದರು. ಭುಜದ ಹೊಲಿಗೆ ಎಳೆದು ನೋಡಿದರು, ಕಾಲರಿನೊಳಗೆ ಬೆರಳು ಹಾಕಿದರು.

"ಒಂದು ನೂಲು ಹೆಚ್ಚಿಲ್ಲ, ಕಡಿಮೆ ಇಲ್ಲ. ಕಣ್ಣು ಇಷ್ಟು ಪಳಗಬೇಕಾದರೆ ಎಷ್ಟು ಜನರನ್ನು ಮುಟ್ಟದೆ ಬಿಟ್ಟಿರಬೇಕು, ಕುಶಾಲಪ್ಪಣ್ಣ?"

ಕುಟುಕಿ ಕೇಳಿದ್ದಲ್ಲ, ಪಾಠದಲ್ಲಿ ಹುಡುಗರನ್ನು ಕೇಳುವ ಹಾಗೆಯೇ ಕೇಳಿದರು. ಹುಡುಗರು ನೆಲ ನೋಡಿದರು. ಐತಪ್ಪನೇ ಅವಸರದಲ್ಲಿ, "ಇಲ್ಲ ಮಾಸ್ಟ್ರೆ, ಅಂಗಿ ಒಳ್ಳೇದುಂಟು. ಗೌಡ್ರು ಒಳ್ಳೆಯವರು" ಎಂದ. ನನ್ನ ಮಾನ ಉಳಿಸಲು ಮೆಟ್ಟಿಲ ಕೆಳಗಿದ್ದವನೇ ಬರಬೇಕಾಯಿತು. ಮುಖ ಎಲ್ಲಿಡಬೇಕೆಂದು ತಿಳಿಯದೆ ಮಿಷಿನು ತುಳಿದೆ. ಸೂಜಿಯಡಿ ಬಟ್ಟೆಯೇ ಇರಲಿಲ್ಲ.

ಆಮೇಲೆ ನಾನು ಮಾಸ್ಟ್ರೊಡನೆ ಮಾತು ಬಿಟ್ಟೆ. ದುಡಿದು ತಿನ್ನುವವನಿಗೆ ಇವರೆಂತ ಪಾಠ ಹೇಳುದು ಎಂದು ಒಳಗೊಳಗೇ ಕುದಿದೆ. ಅವರು ಕತ್ತರಿಗೂ ಬರಲಿಲ್ಲ.

ಪರೀಕ್ಷೆ ಹತ್ತಿರವಾದಾಗ ಅವರಿಗೆ ಕಾಸರಗೋಡಿನ ಕಡೆ ಶಾಲೆಯಲ್ಲಿ ಕೆಲಸವಾಯಿತು. ಹೊರಡುವ ಮೊದಲು ಬಟ್ಟೆ ಹಿಡಿದು ಬಂದರು. ಬಂದು ಮೆಟ್ಟಿಲ ಕೆಳಗೇ ನಿಂತರು.

"ಹತ್ತಿ ಬನ್ನಿ ಮಾಸ್ಟ್ರೆ."

"ಬೇಡ, ಇಲ್ಲೇ ಆದೀತು. ನಿಮಗೆ ಕಣ್ಣೇ ಸಾಕಲ್ಲ."

ಎದುರಿನ ಹೋಟೆಲಿನವರೆಲ್ಲ ನೋಡುತ್ತಿದ್ದರು. ನನಗೆ ಕೂರಲಾಗಲಿಲ್ಲ. ಟೇಪು ಎಳೆದುಕೊಂಡು ಬೀದಿಗಿಳಿದೆ, ಅವರ ಕುತ್ತಿಗೆಗೆ ಸುತ್ತಿದೆ. ಮಾಸ್ಟ್ರು ಕೆಮ್ಮಿದರು, ನಗಲಿಲ್ಲ.

"ಹಾಗಾದರೆ ಮೆಟ್ಟಿಲು ಇಳಿಯುದು ನಿಮಗೆ ಗೊತ್ತುಂಟು," ಎಂದರು, ನನಗೆ ಮಾತ್ರ ಕೇಳುವಷ್ಟು ಮೆತ್ತಗೆ.

ಆ ಅಂಗಿಯನ್ನು ಬಸ್ಸಿನಲ್ಲಿ ಕಳಿಸಿದೆ. ಮತ್ತೆ ಅವರನ್ನು ಕಾಣಲಿಲ್ಲ.

ಪರೀಕ್ಷೆ ಮುಗಿಸಿ ಬಂದ ಐತಪ್ಪ ಒಂದು ದಿನ ಅಂಗಡಿಯ ಮುಂದೆ ಹಾದುಹೋಗುವಾಗ ಬಾಗಿಲಿಗೆ ಬಂದು ಕರೆದೆ. "ಐತಪ್ಪಾ, ಒಳಗೆ ಬಾ. ಇನ್ನೊಂದು ಅಂಗಿ ಹೊಲಿದು ಕೊಡ್ತೇನೆ. ಅಳತೆ ತೆಗೀತೇನೆ, ಬಾ."

ಅವನು ನನ್ನ ಕೈಯ ಟೇಪು ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಗೌಡ್ರೆ. ಇದ್ದದ್ದೇ ಸರಿ ಉಂಟು" ಎಂದು ಕೈ ಮುಗಿದು ಹೋದ.

ಇನ್ನು ಎಂತ ಮಾಡುದು ಎಂದು ಕೇಳಲು ಮಾಳಿಗೆಯಲ್ಲಿ ಮಾಸ್ಟ್ರು ಇರಲಿಲ್ಲ.