ಅಮ್ಮನ ಪಾಳಿ

ನನ್ನ ಕೆಲಸ ಏನೆಂದು ಬಿಡಿಸಿ ಹೇಳಿದ್ದರೆ ಮಧುಗಿರಿಯಲ್ಲಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಪುಣ್ಯಕ್ಕೆ ನಾನೇ ಹೆಣ್ಣು. ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಕಂಪ್ಯೂಟರಿನ ಮೆಮೊರಿ ಚಿಪ್ಪುಗಳ ಸರ್ಕ್ಯೂಟ್ ವಿನ್ಯಾಸ ಮಾಡುತ್ತೇನೆ. ಚಿಪ್ಪಿನೊಳಗೆ ಕ್ಲಾಕ್ ಎಂಬ ಸಂಕೇತವೊಂದು ಸದಾ ಏಳುತ್ತ ಬೀಳುತ್ತ ಇರುತ್ತದೆ. ಅದು ಎದ್ದಾಗ ಒಂದು ಮಾಹಿತಿ, ಬಿದ್ದಾಗ ಇನ್ನೊಂದು ಸಾಗಬೇಕು. ಹಾಗಾಗಿ ಮೇಲಿರುವ ಹೊತ್ತೂ ಕೆಳಗಿರುವ ಹೊತ್ತೂ ಸರಿಸಮ ಇರಬೇಕು. ಆದರೆ ದಾರಿ ಸಾಗುತ್ತ ಏಳುವುದು ಚುರುಕಾಗಿ, ಬೀಳುವುದು ತಡವಾಗಿ, ಒಂದರ್ಧ ಹಿಗ್ಗಿ ಇನ್ನೊಂದರ್ಧ ಕುಗ್ಗುತ್ತದೆ. ಕುಗ್ಗಿದ ಕಡೆ ಮಾಹಿತಿ ತಪ್ಪಿಹೋಗುತ್ತದೆ. ಎರಡನ್ನೂ ಅಳೆದು, ಬೀಳುವ ಗಳಿಗೆಯನ್ನು ಒಂದಿಷ್ಟು ಮುಂಚೆ ತಂದು ಸಮ ಮಾಡುವ ಪುಟ್ಟ ಸರ್ಕ್ಯೂಟೇ ನನ್ನ ಅನ್ನ. ಇದಕ್ಕೆ ಡ್ಯೂಟಿ ಸೈಕಲ್ ಸರಿಪಡಿಸುವುದು ಎನ್ನುತ್ತಾರೆ. ನಮ್ಮ ಮನೆಯವರಿಗೆ ಅದರಲ್ಲಿ ಅರ್ಥವಾದದ್ದು ಡ್ಯೂಟಿ ಒಂದೇ.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೂ ಪಾಳಿ ಬಂತು. ಬರಗೂರಿನಲ್ಲಿ ತಮ್ಮ, ಮಧುಗಿರಿಯಲ್ಲಿ ನಾನು. ಅಮಾವಾಸ್ಯೆ ಕಳೆದ ಮಾರನೆಯ ದಿನ ನನ್ನ ಮನೆಗೆ ಬರುವುದು, ಹುಣ್ಣಿಮೆ ಕಳೆದ ಮಾರನೆಯ ದಿನ ತಮ್ಮನ ಮನೆಗೆ ಹೋಗುವುದು. ಲೆಕ್ಕ ಅಮ್ಮನದೇ. ಕ್ಯಾಲೆಂಡರು ಬೇಕಿರಲಿಲ್ಲ, ಆಕಾಶ ನೋಡಿದರೆ ಸಾಕಿತ್ತು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲಂತೂ ಆಧಾರ್ ಕಾರ್ಡನ್ನು ಕುಪ್ಪಸದೊಳಗೆ ಇಟ್ಟುಕೊಂಡು ಒಬ್ಬಳೇ ಓಡಾಡುತ್ತಿದ್ದಳು. ಶಿರಾದಲ್ಲಿ ಒಂದು ಬಸ್ಸು ಬದಲಿಸಿದರೆ ಆಯಿತು.

ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸಬಾರದು ಎಂಬುದು ನಮ್ಮ ಕಡೆಯ ಶಾಸ್ತ್ರ. ಹೊರಡುವ ದಿನ ಇವೆರಡರಲ್ಲಿ ಒಂದಾದರೆ ಅಮ್ಮ ನನ್ನ ಮನೆಯಲ್ಲಿ ಬ್ಯಾಗು ಕೆಳಗಿಟ್ಟುಬಿಡುತ್ತಿದ್ದಳು. ಬರಗೂರಿನಿಂದ ಹೊರಡುವಾಗ ಮಾತ್ರ ಯಾವ ವಾರವೂ ಅಡ್ಡ ಬರುತ್ತಿರಲಿಲ್ಲ. ಹಸು, ಕುರಿ, ಹಾಲಿನ ಡೈರಿ ಎಂದು ಎದ್ದುಬಿದ್ದು ಓಡುವ ತಮ್ಮನ ಹೆಂಡತಿಗೆ ವಾರ ನೋಡಲು ಪುರಸೊತ್ತೆಲ್ಲಿ? ಹೀಗೆ ನನ್ನ ಅರ್ಧ ಹಿಗ್ಗುತ್ತ ಹೋಯಿತು. ನಾನೂ ಹಿಗ್ಗಿದೆ. ಅಮ್ಮನಿಗೆ ನಮ್ಮ ಮನೆಯೇ ಇಷ್ಟ ಎಂದು ಒಳಗೊಳಗೇ ಬೀಗಿದೆ, ಗಂಡನ ಮುಂದೆ ಹೇಳಿಕೊಂಡೂ ಬಿಟ್ಟೆ. ಅವರು ಶಿರಾ ದಾರಿಯಲ್ಲಿ ಸಿಗುವ ಬಡವನಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಎಲ್ಲದಕ್ಕೂ ಹೂಂ ಎನ್ನುವುದು ಅವರ ಅಭ್ಯಾಸ.

ಮಗ ಇದ್ದೂ ತಾಯಿ ಮಗಳ ಮನೆ ಸೇರಿದಳು ಎಂದು ಡೈರಿ ಮುಂದೆ ಯಾರೋ ಆಡಿಕೊಂಡರಂತೆ. ತಮ್ಮ ಫೋನಿನಲ್ಲಿ ಜಗಳ ಮಾಡಲಿಲ್ಲ. ಮಾಡಿದ್ದರೆ ನಾನೂ ಎರಡು ಮಾತು ಆಡಿ ಗೆಲ್ಲುತ್ತಿದ್ದೆ.

"ನಿನ್ ಕೆಲ್ಸಾನೇ ಡ್ಯೂಟಿ ಸರಿ ಮಾಡಾದಲ್ವೇನಕ್ಕ? ಇದ್ನೂ ಸರಿ ಮಾಡ್ಬುಡು. ಊರಾಗೆ ತಲೆ ಎತ್ಕಂಡು ತಿರುಗಾಡಕ್ ಆಯ್ತಿಲ್ಲ" ಎಂದ.

ಸರಿ ಮಾಡಿದೆ. ಹೊರಡುವ ದಿನ ಶುಕ್ರವಾರ ಬಿದ್ದರೆ ಗುರುವಾರವೇ, ಮಂಗಳವಾರ ಬಿದ್ದರೆ ಸೋಮವಾರವೇ ಹೊರಡಿಸುವುದು. ಚಿಪ್ಪಿನಲ್ಲೂ ಮಾಡುವುದು ಇಷ್ಟೇ. ಅಮ್ಮ ಮುಖ ಸಣ್ಣ ಮಾಡಿಕೊಳ್ಳಲಿಲ್ಲ, ಆಗ್ಲಿ ಬುಡು ಎಂದಳು. ಅದೇ ನನ್ನನ್ನು ಸ್ವಲ್ಪ ಚುಚ್ಚಿತು. ಅತ್ತು ಕರೆದು ಮಾಡಲಿ ಎಂದು ಬಯಸಿದ್ದೆನೋ ಏನೋ.

ಆದರೂ ಲೆಕ್ಕ ಕೂಡಿಬರಲಿಲ್ಲ. ನಾನು ಬೆಳಗಿನ ಬಸ್ಸು ಹತ್ತಿಸಿದರೂ ಅಮ್ಮ ಬರಗೂರು ಸೇರುವಷ್ಟರಲ್ಲಿ ಹೊತ್ತು ಮುಳುಗುತ್ತದೆ ಎಂದು ತಮ್ಮ ಗೊಣಗಿದ. ಅಲ್ಲಿಂದ ಬೆಳಗ್ಗೆ ಹೊರಟರೂ ನನ್ನ ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತೇ. ನಾನು ತಡವಾಗಿ ಕಳಿಸುತ್ತೇನೆ ಎಂದು ಅವನು ತಿಳಿದ. ಅವನ ಹೆಂಡತಿ ಕೆಲಸ ಮಾಡಿಸಿಕೊಂಡು ಕಳಿಸುತ್ತಾಳೆ ಎಂದು ನಾನು ತಿಳಿದೆ. ಒಂದು ದಿನ ಗಂಡ ಊಟಕ್ಕೆ ಕುಳಿತವರು, ಅತ್ತೆಯನ್ನು ಬಡವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ ಎಂದರು. ಬೆಳಗ್ಗೆ ಶಾಲೆಗೆ ಹೋಗುವಾಗ ಕಲ್ಲುಬೆಂಚಿನ ಮೇಲೆ ಇದ್ದರಂತೆ. ಮಧ್ಯಾಹ್ನ ಟೀ ಕುಡಿಯಲು ಬಂದಾಗಲೂ ಅಲ್ಲೇ ಇದ್ದರಂತೆ. ಚಪ್ಪಲಿ ಬಿಟ್ಟು, ಕಾಲು ಮಡಚಿಕೊಂಡು, ಕಡ್ಲೆಪುರಿ ತಿನ್ನುತ್ತ. ಶಿರಾ ಬಸ್ಸು ಬಂದು ಹೋದರೂ ಏಳಲಿಲ್ಲವಂತೆ. ಅಷ್ಟು ನೆಮ್ಮದಿಯಾಗಿದ್ದರು, ಮಾತಾಡಿಸಲು ಮನಸ್ಸು ಬರಲಿಲ್ಲ ಎಂದರು.

ಮುಂದಿನ ಪಾಳಿಗೆ ಬಂದಾಗ ಕೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಅಲ್ಲಿ ಕುಂತಾಗ ನಾನು ಯಾರ್ ಪಾಳೀನೂ ಅಲ್ಲ ಕಣಮ್ಮ."

ಹಾಗಾದರೆ ನನ್ನ ಮನೆಯಲ್ಲಿ ಉಳಿದ ಆ ಶುಕ್ರವಾರಗಳು ಎಂದೆ. ಮಗಳ ಮನೆಯಿಂದ ಶುಕ್ರವಾರ ಹೊರಟರೆ ಆ ಮನೆಯ ಲಕ್ಷ್ಮಿ ಹೊರಟಂತೆ, ಅಷ್ಟೂ ತಿಳಿಯದೇ ಎಂದಳು. ಅಷ್ಟೇ. ಶಾಸ್ತ್ರಕ್ಕೆ ಉಳಿದಿದ್ದಳು, ನನ್ನ ಮೇಲಿನ ಆಸೆಗಲ್ಲ.

ನನಗೆ ಅಳು ಬರಲಿಲ್ಲ. ಕೋಪವೂ ಬರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿದ್ದೆ. ಹೋಗಿ ಕೆಲಸಕ್ಕೆ ಕುಳಿತೆ. ಏಳುವುದಕ್ಕೂ ಬೀಳುವುದಕ್ಕೂ ಹಿಡಿಯುವ ಹೊತ್ತು ಇಲ್ಲವೇ ಇಲ್ಲ ಎನ್ನುವಷ್ಟು ಚಿಕ್ಕದಿರಬೇಕು ಎಂದು ನಮಗೆ ಮೊದಲೇ ಕಲಿಸಿರುತ್ತಾರೆ. ಅದು ಹೆಚ್ಚಾದರೆ ದಂಡ, ಆದಷ್ಟು ಹಿಂಡಿ ತೆಗೆಯಬೇಕು. ಪರದೆಯ ಮೇಲೆ ಆ ನಡುವಿನ ಹೊತ್ತನ್ನು ತೋರಿಸುವ ಓರೆ ಗೆರೆಯನ್ನು ನೋಡುತ್ತ ಕುಳಿತೆ. ಏನೂ ತಿದ್ದಲಿಲ್ಲ.

ಆ ವಾರವೇ ತಮ್ಮ ಮತ್ತೆ ಫೋನ್ ಮಾಡಿದ. ಬಸ್ಸಿನ ಸಹವಾಸವೇ ಬೇಡ, ಇನ್ನು ಮೇಲೆ ತಾನೇ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ, ಮನೆಯಿಂದ ಮನೆಗೆ, ಲೆಕ್ಕ ಪಕ್ಕಾ ಆಗುತ್ತದೆ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಬೇಡ ಎಂದೆ. ವಯಸ್ಸಾದವಳಿಗೆ ಬೈಕು ಆಗದು, ಆ ದಾರಿಯ ಬಸ್ಸೇ ಹಾಗೆ, ಬಡವನಹಳ್ಳಿಯಲ್ಲಿ ನಿಂತರೆ ಕದಲುವುದಿಲ್ಲ ಎಂದು ಹೇಳಿದೆ. ನಂಬಿದ. ಬಸ್ಸನ್ನು ಬೈದರೆ ನಮ್ಮ ಕಡೆ ನಂಬದವರಿಲ್ಲ.

ಹುಣ್ಣಿಮೆ ಕಳೆಯಿತು. ಬೆಳಗ್ಗೆ ಎದ್ದು ಚಿತ್ರಾನ್ನ ಕಲಸಿ, ಮಧ್ಯಾಹ್ನಕ್ಕೂ ಆಗುವಷ್ಟು ಡಬ್ಬಿಗೆ ತುಂಬಿದೆ. ಇಷ್ಟೊಂದು ಯಾಕೆ ಎಂದು ಅಮ್ಮ ಕೇಳಲಿಲ್ಲ, ಬ್ಯಾಗಿನಲ್ಲಿ ಇಟ್ಟುಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ಒಂದು ದಿನ ನಾನೂ ಬಂದು ಅಲ್ಲಿ ನಿನ್ನ ಜೊತೆ ಕೂರಲಾ ಎಂದೆ. ಅವಳು ನನ್ನ ಕೆನ್ನೆ ಮುಟ್ಟಿದಳು.

"ಬ್ಯಾಡ ಕಣಮ್ಮ. ನೀನು ಬಂದ್ರೆ ಅದೂ ನಿನ್ ಪಾಳಿ ಆಗೋಯ್ತದೆ."

ಹೂಂ ಎಂದೆ. ಶಿರಾ ಬಸ್ಸು ಬಂತು, ಹತ್ತಿಸಿದೆ.